ಆ್ಯಪ್‌ಗೆ ಹೋದ ದುಡ್ಡು ವಾಪಸ್ ತರಿಸುವುದು: ನನ್ನ ಅನುಭವ

ಆ್ಯಪ್ ಡಿಲೀಟ್ ಮಾಡಿದರೆ ಸಬ್‌ಸ್ಕ್ರಿಪ್ಷನ್ ನಿಲ್ಲುವುದಿಲ್ಲ. ಮನೆಯವರಿಗೆ, ನೆಂಟರಿಗೆ ರೀಫಂಡ್ ಅರ್ಜಿ ಹಾಕಿಕೊಡುವಾಗ ಮೊದಲು ಹೇಳಬೇಕಾಗುವ ಮಾತು ಇದೇ.

ಎರಡನೆಯದು, ದುಡ್ಡು ಯಾವ ದಾರಿಯಲ್ಲಿ ಹೋಯಿತು ಎಂದು ಪತ್ತೆ ಮಾಡುವುದು. ಇದನ್ನು ನೋಡದೆ ಅರ್ಜಿ ಹಾಕಿದರೆ ದಿನಗಳು ದಂಡ. ಇಮೇಲ್‌ನಲ್ಲಿ ‘ಜಿಪಿಎ’ ಅಕ್ಷರಗಳಿಂದ ಶುರುವಾಗುವ ಆರ್ಡರ್ ನಂಬರ್ ಇದ್ದರೆ ಅದು ಪ್ಲೇ ಸ್ಟೋರ್ ಮೂಲಕ ಹೋದ ಹಣ. ಅಂಥ ರಸೀದಿಯೇ ಇಲ್ಲ, ಬ್ಯಾಂಕಿನ ಎಸ್ಸೆಮ್ಮೆಸ್‌ನಲ್ಲಿ ಕಂಪನಿಯ ಹೆಸರಷ್ಟೇ ಇದೆ ಎಂದರೆ ಹಣ ಬಹುಮಟ್ಟಿಗೆ ನೇರವಾಗಿ ಯುಪಿಐ ಆಟೋಪೇಯಲ್ಲಿ (ಒಮ್ಮೆ ಒಪ್ಪಿಗೆ ಕೊಟ್ಟರೆ ಪ್ರತಿ ಸಲ ತಾನಾಗಿಯೇ ಕಡಿತವಾಗುವ ವ್ಯವಸ್ಥೆ) ಹೋಗಿದೆ. ಹಾಗಿದ್ದರೆ ಗೂಗಲ್‌ಗೆ ಎಷ್ಟು ಬರೆದರೂ ಪ್ರಯೋಜನವಿಲ್ಲ, ಆ ಹಣ ಅವರ ಕೈಗೆ ಬಂದೇ ಇಲ್ಲ.

ಪ್ಲೇ ಸ್ಟೋರಿನದಾದರೆ 48 ಗಂಟೆಯೊಳಗೆ ಕೇಳಬೇಕು. ಫೋನ್‌ಗಿಂತ ಬ್ರೌಸರ್‌ನಲ್ಲೇ ಸುಲಭ: ಪ್ಲೇ ಸ್ಟೋರ್ ತೆರೆದು, ಪ್ರೊಫೈಲ್ ಚಿತ್ರ ಒತ್ತಿ, ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ, ಆರ್ಡರ್ ಹಿಸ್ಟರಿಯಲ್ಲಿ ಆ ಖರೀದಿಯ ಪಕ್ಕದ ‘ರಿಪೋರ್ಟ್ ಎ ಪ್ರಾಬ್ಲಮ್’ ಒತ್ತಿ. ಪಟ್ಟಿಯಲ್ಲಿ ಖರೀದಿಯೇ ಕಾಣದಿದ್ದರೆ ಗಾಬರಿ ಬೇಡ, ಫೋನಿನಲ್ಲಿರುವ ಇನ್ನೊಂದು ಜಿಮೇಲ್ ಖಾತೆಗೆ ಬದಲಾಯಿಸಿ ನೋಡಿ. ಮಕ್ಕಳು ಆಟದಲ್ಲಿ ಒತ್ತಿದ್ದಾದರೆ ಆ ಕಾರಣವನ್ನೇ ಆರಿಸಿ. ವಿವರ ಎರಡು ಸಾಲು ಸಾಕು: ಯಾವಾಗ ಕಡಿತವಾಯಿತು, ಏನು ಕೆಲಸ ಮಾಡಲಿಲ್ಲ. ಉತ್ತರ ಸಾಮಾನ್ಯವಾಗಿ ಒಂದು ದಿನದಲ್ಲಿ, ತಡವಾದರೆ ನಾಲ್ಕು ದಿನದಲ್ಲಿ ಬರುತ್ತದೆ. ಒಮ್ಮೆ ರೀಫಂಡ್ ಪಡೆದ ಆ್ಯಪನ್ನೇ ಮತ್ತೆ ಕೊಂಡರೆ ಎರಡನೇ ಸಲ ಸಿಗುವುದಿಲ್ಲ. 48 ಗಂಟೆ ದಾಟಿದ್ದರೆ ಆ್ಯಪ್ ಪುಟದಲ್ಲಿರುವ ಡೆವಲಪರ್ ಇಮೇಲ್‌ಗೆ ಆರ್ಡರ್ ನಂಬರ್ ಹಾಕಿ ಬರೆಯಬೇಕು. ಸಣ್ಣ ತಂಡಗಳು ಕೊಟ್ಟುಬಿಡುವುದೂ ಉಂಟು.

ಐಫೋನ್‌ನವರು ಆ್ಯಪಲ್‌ನ ‘ರಿಪೋರ್ಟ್ ಎ ಪ್ರಾಬ್ಲಮ್’ ಪುಟದಲ್ಲೇ ಕೇಳಬೇಕು. ಅಲ್ಲಿ ಟ್ರಯಲ್ ಮುಗಿಯುವ 24 ಗಂಟೆ ಮೊದಲೇ ರದ್ದು ಮಾಡಿರಬೇಕು, ಕೊನೆ ಗಳಿಗೆಗೆ ಬಿಟ್ಟರೆ ಕೆಟ್ಟಿರಿ.

ನನಗೆ ಸಿಟ್ಟು ಬರಿಸುವುದು ಆಟೋಪೇ ದಾರಿ. ಒಂದು ಫೋಟೊ ಆ್ಯಪಿನ ಪರದೆ ಹೀಗಿತ್ತು: ಮೇಲೆ ದಪ್ಪಕ್ಷರದಲ್ಲಿ ‘3 ದಿನಕ್ಕೆ ₹1’, ಕೆಳಗೆ ‘ತಿಂಗಳಿಗೆ ₹99 ಮಾತ್ರ’, ಇನ್ನೂ ಕೆಳಗೆ ಬೂದು ಬಣ್ಣದಲ್ಲಿ ಕಂಡೂ ಕಾಣದಂತೆ ‘ವರ್ಷಕ್ಕೆ ₹1,188 ಒಟ್ಟಿಗೆ’. ವಾರ್ಷಿಕ ಪ್ಲಾನಿಗೆ ಟಿಕ್ ಮೊದಲೇ ಬಿದ್ದಿತ್ತು. ಒಂದು ರೂಪಾಯಿಗೆಂದು ಪಿನ್ ಒತ್ತಿದವರು ಒಪ್ಪಿಗೆ ಕೊಟ್ಟದ್ದು ₹1,188ಕ್ಕೆ. ಪಿನ್ ಒತ್ತುವ ಮುನ್ನ ಯುಪಿಐ ಪರದೆಯಲ್ಲಿ ಗರಿಷ್ಠ ಮೊತ್ತ, ಎಷ್ಟು ದಿನಕ್ಕೊಮ್ಮೆ ಕಡಿತ, ಮುಕ್ತಾಯ ದಿನಾಂಕ ಈ ಮೂರನ್ನು ಓದಿ. ರದ್ದು ಮಾಡಲು ಅದೇ ಯುಪಿಐ ಆ್ಯಪಿನ ಆಟೋಪೇ ವಿಭಾಗಕ್ಕೆ ಹೋಗಿ ಮ್ಯಾಂಡೇಟ್, ಅಂದರೆ ಕಡಿತಕ್ಕೆ ಕೊಟ್ಟ ಒಪ್ಪಿಗೆ, ಕ್ಯಾನ್ಸಲ್ ಮಾಡಬೇಕು. ಕಡಿತಕ್ಕೆ 24 ಗಂಟೆ ಮುಂಚೆ ಸೂಚನೆ ಕಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಮೆಸೇಜು ಜಾಹೀರಾತುಗಳ ನಡುವೆ ಮುಚ್ಚಿಹೋಗುತ್ತದೆ, ಅದಿರಲಿ. ಮ್ಯಾಂಡೇಟ್ ರದ್ದಾದರೆ ಮುಂದಿನ ಕಡಿತ ನಿಲ್ಲುತ್ತದೆಯೇ ಹೊರತು ಹೋದದ್ದು ಬರುವುದಿಲ್ಲ.

ಹೋದದ್ದನ್ನು ಕೇಳಲು ಕಂಪನಿಯಲ್ಲಿ ದೂರು ನೋಡಿಕೊಳ್ಳುವ ಗ್ರೀವೆನ್ಸ್ ಆಫೀಸರ್‌ಗೆ ಇಮೇಲ್ ಮಾಡಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯಲ್ಲಿ ದೂರು ಸ್ವೀಕರಿಸಿದ್ದನ್ನು ತಿಳಿಸಿ, ಒಂದು ತಿಂಗಳಲ್ಲಿ ಬಗೆಹರಿಸಬೇಕು. ನಾನು ಬರೆಯುವಾಗ ಬೆಲೆ ತೋರಿಸಿದ ಪರದೆಯ ಸ್ಕ್ರೀನ್‌ಶಾಟ್, ಕಡಿತದ ಎಸ್ಸೆಮ್ಮೆಸ್, ಯುಪಿಐ ಟ್ರಾನ್ಸಾಕ್ಷನ್ ನಂಬರ್ ಮೂರನ್ನೂ ಲಗತ್ತಿಸಿ, 2023ರ ನವೆಂಬರ್‌ನ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ಯಾಮಾರಿಸುವ ಪರದೆ ವಿನ್ಯಾಸ) ಮಾರ್ಗಸೂಚಿಯಲ್ಲಿ ‘ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್’ ನಿಷಿದ್ಧ ಎಂದು ಒಂದು ಸಾಲು ಸೇರಿಸುತ್ತೇನೆ. ಆ ಸಾಲು ಇದ್ದಾಗ ಉತ್ತರದ ಧಾಟಿಯೇ ಬೇರೆ. ಸ್ಕ್ರೀನ್‌ಶಾಟ್ ಇಲ್ಲದಿದ್ದರೆ ಇನ್ನೊಂದು ಫೋನಿನಲ್ಲಿ ಆ್ಯಪ್ ಹಾಕಿ ಅದೇ ಪರದೆ ಹಿಡಿಯಬಹುದು, ಬೆಲೆ ಬದಲಾಗುವ ಮುಂಚೆ.

ಆಮೇಲೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕರೆ ಮಾಡಿದರೆ ದೂರಿಗೊಂದು ನಂಬರ್ ಕೊಡುತ್ತಾರೆ. ಕಂಪನಿಗೆ ಬರೆಯುವ ಮುಂದಿನ ಇಮೇಲ್‌ನ ಸಬ್ಜೆಕ್ಟ್ ಸಾಲಿನಲ್ಲೇ ಅದನ್ನು ಹಾಕಿ.