ಗಂಗಾವಳಿ ಅಳಿವೆಯ ನೀರು, ಧಾರವಾಡದ ತಟ್ಟೆ

‘ಸಮುದ್ರಕ್ಕ ಹೋಗೋ ನೀರೆಲ್ಲ ವೇಸ್ಟ್ ಅಲ್ಲೇನ್ರಿ ಸರ?’ ಕಡಲಿಗೆ ಹರಿಯುವ ಬೇಡ್ತಿ ಹೊಳೆಯ ನೀರನ್ನು ಬಯಲುಸೀಮೆಗಾಗಿ ವರದಾ ನದಿಗೆ ತಿರುಗಿಸುವ ಬೇಡ್ತಿ–ವರದಾ ಜೋಡಣೆಯ ಸುದ್ದಿ ಬಂದಾಗಲೆಲ್ಲ ನನ್ನ ತರಗತಿಯಲ್ಲಿ ಈ ಪ್ರಶ್ನೆ ಏಳುತ್ತದೆ. ಧಾರವಾಡದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಗದಗ, ಹಾವೇರಿ ಕಡೆಯ ನೀರಿನ ಕಷ್ಟ ಈ ಮಕ್ಕಳಿಗೆ ಗೊತ್ತು. ಸುಮ್ನೆ ಬಾಯಿಮಾತಿನ ಉತ್ತರ ಸಾಲದು ಅನಿಸಿ, ಅವರನ್ನು ಹೊಳೆ ಕಡಲು ಸೇರುವ ಜಾಗಕ್ಕೆ, ಅಂದರೆ ಅಳಿವೆಗೇ ಕರೆದುಕೊಂಡು ಹೋಗತೊಡಗಿದೆ.

ನಮ್ಮ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆಗೆ ಕಲಘಟಗಿ ಕಡೆ ಉಣಕಲ್ಲಿನ ಹಳ್ಳ ಕೂಡಿ ಬೇಡ್ತಿಯಾಗುತ್ತದೆ. ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎನಿಸಿಕೊಂಡು ಅಂಕೋಲಾದ ಮಂಜಗುಣಿ ಬಳಿ ಕಡಲು ಸೇರುತ್ತದೆ. ನಾವು ಹಳ್ಳಕ್ಕೆ ಎಸೆದ ಪ್ಲಾಸ್ಟಿಕ್ಕಿನ ದಾರಿಯೂ ಇದೇ.

ಹೋಗುವ ದಿನ ಗೊತ್ತು ಮಾಡುವುದು ಭರತ-ಇಳಿತ ನೋಡಿ. ಅದರ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಳಿತದಲ್ಲಿ ಕೆಸರು ತೆರೆದುಕೊಂಡರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು, ಏಡಿಯ ಬಿಲ ಎಲ್ಲ ಕಾಣುತ್ತವೆ.

ಮುಖ್ಯ ಕೆಲಸ ನೀರು ತುಂಬುವುದು. ಬಾಟಲಿಗೆ ಒಂದು ಹಗ್ಗ, ಬುಡಕ್ಕೆ ಕಲ್ಲು, ಬಿರಡೆಗೆ ಬೇರೆ ದಾರ. ದೋಣಿಯಿಂದ ತಳಕ್ಕೆ ಬಿಟ್ಟು ಬಿರಡೆಯ ದಾರ ಜಗ್ಗಿದರೆ ಬುಳುಬುಳು ಗುಳ್ಳೆ ಏಳುತ್ತವೆ. ತಳದ ನೀರು ತುಂಬಿತು ಅಂತ ಅರ್ಥ. ಮೇಲಿನ ನೀರು ಇನ್ನೊಂದು ಬಾಟಲಿಗೆ. ಉಪ್ಪುನೀರು ಭಾರ, ಸಿಹಿನೀರಿನ ಅಡಿಗೆ ನುಸುಳಿ ಹೊಳೆಯೊಳಗೆ ಬರುತ್ತದೆ.

ಊರಿಗೆ ಬಂದು 100 ಮಿ.ಲೀ.ನಂತೆ ಸ್ಟೀಲ್ ತಟ್ಟೆಗಳಿಗೆ ಹಾಕಿ, ಶಾಲೆಯ ಮಾಳಿಗೆ ಮೇಲೆ ಒಣಗಿಸುತ್ತೇವೆ. ಬರೀ ಕಡಲ ನೀರಾದರೆ ಸುಮಾರು 3.5 ಗ್ರಾಂ ಉಪ್ಪು ಉಳಿಯುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ತಂದ ಮೇಲ್ನೀರಿನ ತಟ್ಟೆಯ ಅಂಚಿಗೆ ತೆಳ್ಳನೆ ಬಿಳಿ ಗೆರೆ. ತಳದ ನೀರಿನದರಲ್ಲಿ ಹರಳು. ಬೇಸಿಗೆಯಲ್ಲಿ ಅದೇ ಜಾಗದ ಮೇಲ್ನೀರೂ ಹರಳು ಕಟ್ಟುತ್ತದೆ. ಹೊಳೆಯ ನೂಕು ಕಡಿಮೆಯಾದಷ್ಟೂ ಕಡಲು ಒಳಗೆ ಏರುತ್ತದೆ.

ತಟ್ಟೆಗಳನ್ನು ಮುಂದಿಟ್ಟುಕೊಂಡೇ ವೇಸ್ಟ್ ಎನ್ನುವ ಮಾತಿಗೆ ಬರುತ್ತೇನೆ. ಈ ಕರಾವಳಿಯಲ್ಲಿ ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆಯಲ್ಲಿ ಮಳೆಗಾಲದ ಸಿಹಿನೀರು ಉಪ್ಪು ತೊಳೆದರೇನೇ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವುದು. ಬಳಚು ಎಂಬ ಚಿಪ್ಪುಜೀವಿ, ಸಿಗಡಿ ಬೆಳೆಯುವುದೂ ಎರಡೂ ನೀರು ಬೆರೆತ ಹದದಲ್ಲಿ. ಹೊಳೆ ಸೊರಗಿದರೆ ದಂಡೆಯ ಬಾವಿಗಳು ಸವಳಾಗುತ್ತವೆ. ಬಯಲುಸೀಮೆಗೆ ನೀರು ಬೇಕು, ನಿಜ. ಆದರೆ ಅಳಿವೆಯವರ ಪಾಲು ಲೆಕ್ಕಕ್ಕೆ ಹಿಡಿಯದೆ ‘ಹೆಚ್ಚಾದ ನೀರು’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಮಕ್ಕಳಿಗೂ ಅದನ್ನೇ ಹೇಳುತ್ತೇನೆ.

ಇದನ್ನು ಮಾಡಿಸುವ ಶಿಕ್ಷಕರಿಗೆ ಎರಡು ಮಾತು. ಅಳಿವೆಯ ಬಾಯಲ್ಲಿ ಇಳಿತದ ಸೆಳೆತ ಜೋರು, ಮಕ್ಕಳನ್ನು ನೀರಿಗೆ ಇಳಿಸಬೇಡಿ. ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ಇರಲಿ. ಜಾಗ, ಹೊತ್ತು, ಮೇಲೋ ತಳವೋ ಎಂದು ಬರೆದ ಚೀಟಿಯನ್ನು ಬಾಟಲಿಗೆ ಅಲ್ಲೇ ಅಂಟಿಸಿ. ಬಸ್ ಹತ್ತಿದ ಮೇಲೆ ಎಲ್ಲ ನೀರೂ ಒಂದೇ ಥರ ಕಾಣುತ್ತದೆ.