ಕುಡಿತದ ಚಿಕಿತ್ಸೆಗೆ ನಿಮ್ಹಾನ್ಸ್: ಜೊತೆಯಲ್ಲಿ ಹೋಗುವವರು ತಿಳಿದಿರಬೇಕಾದದ್ದು

ಮನೆಯವರೊಬ್ಬರ ಕುಡಿತಕ್ಕೋ ಮನಸ್ಸಿನ ಕಾಯಿಲೆಗೋ ಚಿಕಿತ್ಸೆ ಕೊಡಿಸಲು ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗುವುದೆಂದು ತೀರ್ಮಾನವಾದ ಮೇಲೆ, ಹೊರಡುವ ಹಿಂದಿನ ರಾತ್ರಿ ಮಾಡಿಟ್ಟುಕೊಳ್ಳಬೇಕಾದ ಕೆಲಸವೊಂದಿದೆ. ಒಂದು ಹಾಳೆ ತೆಗೆದುಕೊಂಡು ಅವರು ಏನು ಕುಡಿಯುತ್ತಾರೆ, ದಿನಕ್ಕೆಷ್ಟು, ಎಷ್ಟು ವರ್ಷದಿಂದ, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತದೆಯೇ, ಹಿಂದೆ ಬಿಟ್ಟಾಗ ಕೈ ನಡುಕ, ಫಿಟ್ಸ್ ಅಥವಾ ಮತಿಭ್ರಮೆ ಬಂದಿತ್ತೇ, ಕೊನೆಯ ಬಾರಿ ಕುಡಿದದ್ದು ಯಾವ ದಿನ ಯಾವ ಹೊತ್ತಿಗೆ ಎಂಬುದನ್ನೆಲ್ಲ ಬರೆದಿಡಿ. ನಡೆಯುತ್ತಿರುವ ಮಾತ್ರೆಗಳ ಹೆಸರನ್ನು ನೆನಪಿನಿಂದ ಬರೆಯುವ ಬದಲು ಖಾಲಿ ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿಕೊಳ್ಳಿ. ಹಳೆಯ ಚೀಟಿಗಳು, ರಕ್ತಪರೀಕ್ಷೆಯ ವರದಿಗಳು, ಆಧಾರ್, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಜೊತೆಗಿರಲಿ.

ಪ್ರಮಾಣವನ್ನು ಬರೆಯುವಾಗ 'ಸ್ವಲ್ಪ', 'ಆಗಾಗ' ಎಂಬ ಮಾತುಗಳಿಂದ ವೈದ್ಯರಿಗೆ ಪ್ರಯೋಜನವಿಲ್ಲ. ಒಂದು ಕ್ವಾರ್ಟರ್ ಎಂದರೆ 180 ಮಿ.ಲೀ. ವಿಸ್ಕಿ ಅಥವಾ ರಮ್ಮಿನ ಮೂವತ್ತು ಮಿ.ಲೀ. ಪೆಗ್ಗಿನಲ್ಲಿ ಸುಮಾರು ಹತ್ತು ಗ್ರಾಂ ಶುದ್ಧ ಮದ್ಯಸಾರವಿರುವುದರಿಂದ, ಕ್ವಾರ್ಟರಿಗೆ ಅರವತ್ತು ಗ್ರಾಂ ಆಗುತ್ತದೆ. 'ನಾನು ಬರೀ ಬಿಯರ್' ಎನ್ನುವವರ 650 ಮಿ.ಲೀ. ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿಯೂ ನಾಲ್ಕು ಪೆಗ್ಗಿನಷ್ಟು ಇರುತ್ತದೆ. ಟೆಟ್ರಾ ಪ್ಯಾಕ್ ಕುಡಿಯುವವರಾದರೆ ದಿನಕ್ಕೆ ಎಷ್ಟು ಪ್ಯಾಕ್ ಎಂದು ಎಣಿಸಿ ಬರೆದರೆ ಸಾಕು. ಲೆಕ್ಕವನ್ನು ವೈದ್ಯರು ಮಾಡಿಕೊಳ್ಳುತ್ತಾರೆ.

ಈ ಹಾಳೆಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ಭಾವನವರು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಾಗ, ಬೇರೊಂದು ಆಸ್ಪತ್ರೆಯಲ್ಲಿ ಕುಡಿತದ ಬಗ್ಗೆ ಕೇಳಿದ ಡಾಕ್ಟರಿಗೆ ನಮ್ಮಕ್ಕ "ಹಬ್ಬ ಹರಿದಿನದಲ್ಲಿ ಸ್ವಲ್ಪ ತಗೋತಾರೆ ಸಾರ್, ಅಷ್ಟೇ" ಎಂದುಬಿಟ್ಟಳು. ಪಕ್ಕದಲ್ಲೇ ನಿಂತಿದ್ದ ನಾನೂ ಸುಮ್ಮನಿದ್ದೆ. ನಿಜ ಏನೆಂದರೆ ಅವರಿಗೆ ದಿನಕ್ಕೆ ಎರಡು ಕ್ವಾರ್ಟರ್ ಬೇಕಿತ್ತು. ಮೂರನೆಯ ರಾತ್ರಿ ಅವರು ಹಾಸಿಗೆಯ ಮೇಲಿಂದ ಯಾರಿಗೂ ಕಾಣದ ದಾರವನ್ನು ಎಳೆದೆಳೆದು ಬೆರಳಿಗೆ ಸುತ್ತಿಕೊಳ್ಳತೊಡಗಿದರು; ಗೋಡೆಯ ಮೇಲೆ ಇರುವೆ ಸಾಲು ಹೊರಟಿದೆ ಎಂದರು; ನನ್ನನ್ನು ತೀರಿಹೋದ ತಮ್ಮ ಅಣ್ಣನೆಂದು ತಿಳಿದು ಊರಿನ ತೋಟದ ವಿಚಾರ ಮಾತಾಡಿದರು. ಮೈ ಬೆವರಿನಿಂದ ತೊಯ್ದಿತ್ತು. ಅದು ಡೆಲಿರಿಯಂ ಎಂಬ ಸ್ಥಿತಿಯೆಂದೂ, ಮೊದಲ ದಿನವೇ ನಿಜ ಹೇಳಿದ್ದರೆ ಬಹುಮಟ್ಟಿಗೆ ತಡೆಯಬಹುದಿತ್ತೆಂದೂ ಆಮೇಲೆ ತಿಳಿಯಿತು.

ಆದ್ದರಿಂದ ದಿನವೂ ಹೆಚ್ಚಾಗಿ ಕುಡಿಯುವವರನ್ನು 'ಆಸ್ಪತ್ರೆಗೆ ಹೋಗುವ ಮೊದಲು ನಾಲ್ಕು ದಿನ ಬಿಡು ನೋಡೋಣ' ಎಂದು ಮನೆಯಲ್ಲೇ ತಟಕ್ಕನೆ ನಿಲ್ಲಿಸಬಾರದು. ಕುಡಿತ ನಿಂತ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ವಾಂತಿ ಆರಂಭವಾಗುತ್ತವೆ. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಡೆಲಿರಿಯಂ ಕಾಣಿಸಿಕೊಳ್ಳಬಹುದು, ಅದು ಪ್ರಾಣಕ್ಕೂ ಕುತ್ತು ತರಬಲ್ಲದು. ಇವುಗಳಲ್ಲಿ ಯಾವುದು ಕಂಡರೂ ಓಪಿಡಿಯ ದಿನಕ್ಕಾಗಿ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ನಿಮ್ಹಾನ್ಸ್‌ನಲ್ಲಿ ಅದು ಹಗಲೂ ರಾತ್ರಿ ತೆರೆದಿರುತ್ತದೆ. ಸುಸ್ತಾಗಿದ್ದಾರೆಂದು ಬೀದಿಯ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸುವ ಅಭ್ಯಾಸ ನಮ್ಮಲ್ಲಿ ಬಹಳ. ವರ್ಷಗಟ್ಟಲೆ ಕುಡಿದವರ ದೇಹದಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಅದನ್ನು ಕೊಡದೆ ಬರಿಯ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳುವ ಅಪಾಯವಿರುವುದರಿಂದ, ಯಾವ ಕ್ಲಿನಿಕ್ಕಿನಲ್ಲೇ ಆಗಲಿ ಡ್ರಿಪ್ಸ್ ಹಾಕುವ ಮುನ್ನ ಕುಡಿತದ ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕು.

ಬೋಧನಾ ಆಸ್ಪತ್ರೆಯ ರೀತಿ ಬೇರೆ. 1954ರಲ್ಲಿ ಇಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಚಿಕಿತ್ಸೆಯಷ್ಟೇ ಕಲಿಕೆಯೂ ಅದರ ಕೆಲಸ. ಹಾಗಾಗಿ ಚೀಟಿ ಮಾಡಿಸಿ ಸರದಿ ಬಂದ ಮೇಲೆ ನೀವು ಮೊದಲು ಕಾಣುವವರು ದೊಡ್ಡ ಪ್ರೊಫೆಸರ್ ಆಗಿರುವುದು ಅಪರೂಪ. ಸ್ನಾತಕೋತ್ತರ ಕಲಿಕೆಯಲ್ಲಿರುವ ಯುವ ವೈದ್ಯರೊಬ್ಬರು ರೋಗಿಯೊಡನೆ ಒಮ್ಮೆ, ನಿಮ್ಮೊಡನೆ ಒಮ್ಮೆ ಕುಳಿತು ಹುಟ್ಟಿದ ದಿನದಿಂದ ನಿನ್ನೆಯವರೆಗಿನ ಕಥೆಯನ್ನು ಬರೆದುಕೊಳ್ಳುತ್ತಾರೆ. ಅವರು ಅದನ್ನು ಹಿರಿಯ ವೈದ್ಯರ ಮುಂದೆ ಮಂಡಿಸಿದ ಮೇಲೆ ಹಿರಿಯರು ಮತ್ತೆ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. 'ಆಗಲೇ ಹೇಳಿದೆವಲ್ಲ' ಎಂದು ಸಿಡುಕಬೇಡಿ. ಹೀಗೆ ಎರಡು ಸಲ ಕೇಳಿಸಿಕೊಳ್ಳುವ ತಾಳ್ಮೆ ದುಬಾರಿ ಖಾಸಗಿ ಆಸ್ಪತ್ರೆಗಳಲ್ಲೂ ಸುಲಭವಾಗಿ ಸಿಗುವುದಿಲ್ಲವೆಂಬುದು ನನ್ನ ಅನುಭವ. ಇಡೀ ದಿನ ಬೇಕಾಗುತ್ತದೆಂದೇ ತಿಳಿದು ಬೆಳಿಗ್ಗೆ ಬೇಗ ಹೊರಡಿ; ತಿಂಡಿಯ ಡಬ್ಬಿ, ನೀರು ಒಯ್ಯಿರಿ.

ಪರೀಕ್ಷೆಯ ಹೊತ್ತಿನಲ್ಲಿ ವೈದ್ಯರು "ಎರಡೂ ಕೈ ಮುಂದಕ್ಕೆ ಚಾಚಿ, ಬೆರಳು ಅಗಲಿಸಿ" ಎನ್ನುತ್ತಾರೆ. ಅದು ಸಣ್ಣ ಸಂಗತಿಯಂತೆ ಕಾಣುತ್ತದೆ, ಆದರೆ ಬೆರಳ ತುದಿಯ ಆ ನಡುಕ, ನಾಡಿಯ ವೇಗ ಮತ್ತು ಬೆವರನ್ನು ನೋಡಿಯೇ ಒಳರೋಗಿಯಾಗಿ ಸೇರಿಸಬೇಕೋ ಮಾತ್ರೆ ಕೊಟ್ಟು ಮನೆಗೆ ಕಳಿಸಬಹುದೋ ಎಂಬುದನ್ನು ಬಹುಪಾಲು ನಿರ್ಧರಿಸುತ್ತಾರೆ. ಹಿಂದೆ ಫಿಟ್ಸ್ ಬಂದಿದ್ದರೆ, ಲಿವರ್ ಕೆಟ್ಟಿದ್ದರೆ, ಸಾಯುವ ಮಾತಾಡುತ್ತಿದ್ದರೆ ಸೇರಿಸಿಕೊಳ್ಳುವ ಸಂಭವ ಹೆಚ್ಚು. ಸೇರಿಸಿಕೊಂಡರೆ ಮನೆಯವರೊಬ್ಬರು ಜೊತೆಗೆ ಉಳಿಯಬೇಕಾಗುತ್ತದೆ. ಯಾರು ರಜೆ ಹಾಕುತ್ತಾರೆ, ಮಕ್ಕಳನ್ನು ಯಾರ ಮನೆಯಲ್ಲಿ ಬಿಡುವುದು ಎಂಬುದನ್ನು ಮೊದಲೇ ಮಾತಾಡಿಕೊಂಡು ಬಂದರೆ ಒಳ್ಳೆಯದು.

ಒಳಗೆ ನಡೆಯುವ ಚಿಕಿತ್ಸೆಗೆ ಎರಡು ಭಾಗ. ಮೊದಲನೆಯದು ಮೈಯಿಂದ ಮದ್ಯದ ಅವಲಂಬನೆಯನ್ನು ಇಳಿಸುವುದು. ಲೊರಾಜಿಪಾಮ್, ಡಯಾಜಿಪಾಮ್‌ನಂಥ ಮಾತ್ರೆಗಳನ್ನು ಮೊದಲು ಹೆಚ್ಚಾಗಿ ಕೊಟ್ಟು, ಸಾಮಾನ್ಯವಾಗಿ ಒಂದು ವಾರ ಹತ್ತು ದಿನದಲ್ಲಿ ಹಂತಹಂತವಾಗಿ ಇಳಿಸಿ ನಿಲ್ಲಿಸುತ್ತಾರೆ. ನಡುಕ ನಿಂತು, ಊಟ ಸೇರಿ, ನಿದ್ದೆ ಬಂದಾಗ ರೋಗಿಯೂ ಮನೆಯವರೂ 'ಎಲ್ಲ ಸರಿಹೋಯಿತು, ಕರೆದುಕೊಂಡು ಹೋಗುತ್ತೇವೆ' ಎನ್ನತೊಡಗುತ್ತಾರೆ. ಎಡವುವುದು ಇಲ್ಲಿಯೇ. ಕುಡಿಯಬೇಕೆನ್ನುವ ತುಡಿತವನ್ನು ಎದುರಿಸುವ ಎರಡನೆಯ ಭಾಗ ಆಗಷ್ಟೇ ಶುರುವಾಗಿರುತ್ತದೆ. ಅದರಲ್ಲಿ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಔಷಧಗಳಿವೆ, ಮನಶ್ಶಾಸ್ತ್ರಜ್ಞರ ಜೊತೆಗಿನ ಮಾತುಕತೆಯಿದೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮಾತಾಡುವ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಿದ್ದಾರೆ. ಈ ಕಾರ್ಯಕರ್ತರ ಭೇಟಿಯನ್ನು ತಪ್ಪಿಸಬೇಡಿ. ಸಾಲ, ಕೆಲಸ, ಜಗಳ ಇವೆಲ್ಲ ಹೊರಬರುವುದು ಡಾಕ್ಟರ ಮುಂದಲ್ಲ, ಇವರ ಮುಂದೆ.

ಡೈಸಲ್ಫಿರಾಮ್ ಎಂಬ ಮಾತ್ರೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅದನ್ನು ನುಂಗಿದವರು ಕುಡಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಉಳಿಯಬಹುದು. ರೋಗಿ ತಿಳಿದು ಒಪ್ಪಿ ತೆಗೆದುಕೊಂಡರೆ ಅದು ಒಳ್ಳೆಯ ಕಾವಲು. 'ರೋಗಿಗೆ ತಿಳಿಯದಂತೆ ಕುಡಿತ ಬಿಡಿಸಿ' ಎಂಬ ಜಾಹೀರಾತು ನೋಡಿ ಸಾರಿನಲ್ಲೋ ಕಾಫಿಯಲ್ಲೋ ಯಾವುದೋ ಪುಡಿ ಬೆರೆಸುವುದು ಮಾತ್ರ ಊಟದಲ್ಲಿ ವಿಷವಿಟ್ಟ ಹಾಗೆ. ಮನೆಯಲ್ಲಿ ಅಂಥದ್ದೇನಾದರೂ ಕೊಟ್ಟಿದ್ದರೆ ಹಾಳೆಯಲ್ಲಿ ಅದನ್ನೂ ಬರೆಯಿರಿ.

ಇನ್ನು, ಬಾರದವರನ್ನು ಎತ್ತಿ ತಂದು ಸೇರಿಸಬಹುದೇ ಎಂಬ ಪ್ರಶ್ನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯ ಒಪ್ಪಿಗೆಯಿಂದ ಸೇರುವುದೇ ಸಾಮಾನ್ಯ ದಾರಿ. ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳೂ ಈ ಕಾಯ್ದೆಯ ವ್ಯಾಪ್ತಿಯಲ್ಲಿವೆ. ರೋಗಿ ತನ್ನ ಜೀವಕ್ಕೆ ಅಥವಾ ಇತರರಿಗೆ ಅಪಾಯ ಮಾಡುವ ಸ್ಥಿತಿಯಲ್ಲಿದ್ದರೆ, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾರದಷ್ಟು ಕೆಟ್ಟಿದ್ದರೆ, ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ಕಾಯ್ದೆಯ ಪ್ರಕಾರ ರೋಗಿಯ ಪರವಾಗಿ ನಿಲ್ಲುವವರ, ಕೋರಿಕೆಯ ಮೇಲೆ, ಒಬ್ಬ ಮನೋವೈದ್ಯರೂ ಇನ್ನೊಬ್ಬ ಅರ್ಹ ವೃತ್ತಿಪರರೂ ಪ್ರತ್ಯೇಕವಾಗಿ ಪರೀಕ್ಷಿಸಿದ ನಂತರ 30 ದಿನಗಳವರೆಗೆ ಸೇರಿಸಿಕೊಳ್ಳಲು 89ನೆಯ ಕಲಮು ಅವಕಾಶ ಕೊಡುತ್ತದೆ. 'ದಿನಾ ಕುಡಿದು ಬಂದು ಮನೆ ಮರ್ಯಾದೆ ಕಳೆಯುತ್ತಾನೆ' ಎಂಬುದು ಅದಕ್ಕೆ ಸಾಲದು. ರಾತ್ರೋರಾತ್ರಿ ವ್ಯಾನಿನಲ್ಲಿ ಎತ್ತಿಕೊಂಡು ಹೋಗಿ ಮೂರು ತಿಂಗಳು ಬೀಗದೊಳಗೆ ಇಡುತ್ತೇವೆನ್ನುವ ಖಾಸಗಿ ಕೇಂದ್ರಗಳ ಮಾತಿಗೆ ಮರುಳಾಗುವ ಮುನ್ನ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರವನ್ನು ತೋರಿಸಲು ಹೇಳಿ. ಸರಪಳಿ ಹಾಕುವುದನ್ನು ಅದೇ ಕಾಯ್ದೆ ನಿಷೇಧಿಸಿದೆ. ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡಬೇಕೆಂದೂ ಕಾಯ್ದೆ ಹೇಳುವುದರಿಂದ ಆಫೀಸಿಗೆ ಗೊತ್ತಾಗುತ್ತದೆಂಬ ಭಯದಲ್ಲಿ ಹಿಂದೇಟು ಹಾಕಬೇಕಿಲ್ಲ.

ಗಾಂಜಾ ಸೇದುವ ಅಥವಾ ನೋವಿನ ಮಾತ್ರೆಗಳನ್ನು ಅರೆದು ಚುಚ್ಚಿಕೊಳ್ಳುವ ಹುಡುಗರ ಮನೆಯವರಿಗೆ ಪೊಲೀಸರ ಭಯವೂ ಇರುತ್ತದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ, ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾದರೆ ಮೊಕದ್ದಮೆಯಿಂದ ವಿನಾಯಿತಿ ಕೊಡುವ 64ಎ ಎಂಬ ಕಲಮು ಮಾದಕ ವಸ್ತುಗಳ ಕಾಯ್ದೆಯಲ್ಲಿಯೇ ಇದೆ. ಚಿಕಿತ್ಸೆಯನ್ನು ನಡುವೆ ಕೈಬಿಟ್ಟರೆ ವಿನಾಯಿತಿಯೂ ಹೋಗಬಹುದು. ಮೊಬೈಲ್ ಆಟದ ಗೀಳಿಗಾಗಿ ನಿಮ್ಹಾನ್ಸ್‌ನಲ್ಲಿ 2014ರಿಂದ ಪ್ರತ್ಯೇಕ ಕ್ಲಿನಿಕ್ ನಡೆಯುತ್ತಿದೆ.

ಕುಡಿತದ ಹಿಂದೆ ಖಿನ್ನತೆಯೋ ಆತಂಕವೋ ಅಡಗಿರುವುದು ಸಾಮಾನ್ಯ, ಅದರ ಚಿಕಿತ್ಸೆಯೂ ಜೊತೆಯಲ್ಲೇ ನಡೆಯಬೇಕು. ಖಿನ್ನತೆಯ ಮಾತ್ರೆಗಳು ಗುಣ ತೋರಿಸಲು ಎರಡರಿಂದ ನಾಲ್ಕು ವಾರ ಹಿಡಿಯುತ್ತವೆ. ನಾಲ್ಕನೆಯ ದಿನಕ್ಕೆ 'ಇದು ಬರೀ ನಿದ್ದೆ ಮಾತ್ರೆ' ಎಂದು ಎಸೆಯುವ ಹಿರಿಯರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ಅವರನ್ನು ವೈದ್ಯರ ಮುಂದೆ ಒಮ್ಮೆ ಕೂರಿಸಿ. ಆಸ್ಪತ್ರೆಗೆ ಬರಲು ಇನ್ನೂ ಮನಸ್ಸಾಗದಿದ್ದರೆ, ಅಥವಾ ರಾತ್ರಿ ಯಾರಾದರೂ ಸಾಯುವ ಮಾತಾಡಿದರೆ, 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲಿ ಮಾತಾಡಬಹುದು. ತಂಬಾಕು, ಗುಟ್ಕಾ ಬಿಡುವವರಿಗೆ 1800112356 ಇದೆ.

ಮನೆಗೆ ಕಳಿಸುವ ದಿನ ಮುಂದಿನ ಭೇಟಿಯ ತಾರೀಖನ್ನು ಬರೆಸಿಕೊಳ್ಳಿ. ತುಮಕೂರು, ಕೋಲಾರದ ಕಡೆಯಿಂದ ಬಂದವರು ತಮ್ಮ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಅದೇ ಮಾತ್ರೆಗಳನ್ನು ಮುಂದುವರಿಸಬಹುದೇ ಎಂದು ಕೇಳಿ, ಹಾಗೆಂದು ಚೀಟಿಯಲ್ಲಿ ಬರೆಸಿಕೊಂಡರೆ ಓಡಾಟ ತಪ್ಪುತ್ತದೆ. ಮರಳಿ ಕುಡಿಯುವುದು ಈ ಕಾಯಿಲೆಯಲ್ಲಿ ಅಪರೂಪವಲ್ಲ. ನಮ್ಮ ಭಾವನವರು ನಿಮ್ಹಾನ್ಸ್‌ನಿಂದ ಬಂದ ಐದನೆಯ ತಿಂಗಳು, ಒಂದು ಗೃಹಪ್ರವೇಶದ ರಾತ್ರಿ ಮತ್ತೆ ಕುಡಿದರು. ಅಕ್ಕ ಈ ಸಲ ಅಳಲಿಲ್ಲ, ಬೈಯಲೂ ಇಲ್ಲ. ಬೆಳಿಗ್ಗೆ ಬೀರುವಿನಿಂದ ಹಳೆಯ ಚೀಟಿ ತೆಗೆದು, ಅದರ ಹಿಂಬದಿಯಲ್ಲಿ 'ನಿನ್ನೆ ರಾತ್ರಿ ಒಂಬತ್ತು ಗಂಟೆ, ಒಂದು ಕ್ವಾರ್ಟರ್, ಐದು ತಿಂಗಳ ನಂತರ' ಎಂದು ಬರೆದು, ಆಟೋ ಹಿಡಿದಳು.