ದೋಟಿಯ ತುದಿಗೆ ಕಟ್ಟಿದ ಆಂಟೆನಾ: ಮಲೆನಾಡಿನಲ್ಲಿ ನಮ್ಮ ಹ್ಯಾಮ್ ರೇಡಿಯೊ ಪ್ರಯೋಗಗಳು

ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ತೋಟದಲ್ಲಿ ನಿಂತು, ಎದುರಿನ ಗುಡ್ಡದ ಆಚೆ ಮಗ್ಗುಲಿನಲ್ಲಿದ್ದ ನಮ್ಮ ಹ್ಯಾಮ್ (ಪರವಾನಗಿ ಪಡೆದ ಹವ್ಯಾಸಿ ರೇಡಿಯೊ) ಸಂಘದ ಗೆಳೆಯರನ್ನು 5 ವ್ಯಾಟ್‌ನ ವಾಕಿಟಾಕಿಯಲ್ಲಿ ಕರೆದಾಗ ನನಗೆ ಕೇಳಿಸಿದ್ದು ಬರೀ ಸದ್ದಿಲ್ಲದ ಮೌನ. ನಮ್ಮಿಬ್ಬರ ನಡುವೆ ಇದ್ದ ದೂರ ಎರಡು ಕಿಲೋಮೀಟರಿಗಿಂತ ಹೆಚ್ಚಿರಲಿಲ್ಲ. ಅದೇ ವಾಕಿಟಾಕಿಯಿಂದ ಹಿಂದಿನ ತಿಂಗಳು ಕುಂದಾದ್ರಿಯ ನೆತ್ತಿಯಲ್ಲಿ ನಿಂತು, ನೇರ ಗೆರೆಯಲ್ಲಿ ಸುಮಾರು 60 ಕಿಲೋಮೀಟರ್ ದೂರದ ಶಿವಮೊಗ್ಗದ ಒಂದು ಮನೆಯ ತಾರಸಿಯೊಡನೆ, ಕ್ಷೀಣವಾಗಿಯಾದರೂ, ಮಾತನಾಡಿದ್ದೆವು. ಈ ಎರಡು ಅನುಭವಗಳ ನಡುವಿನ ಅಂತರವೇ ಮುಂದಿನ ಎರಡು ವರ್ಷ ನಮ್ಮ ಸಂಘದ ಹೊರಾಂಗಣ ಕೆಲಸಕ್ಕೆ ದಿಕ್ಕಾಯಿತು.

ಹ್ಯಾಮ್‌ಗಳು ಕೈಯಲ್ಲಿ ಹಿಡಿಯುವ ಸೆಟ್ಟುಗಳು ಹೆಚ್ಚಾಗಿ ಬಳಸುವುದು 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಎರಡು ಮೀಟರ್ ಬ್ಯಾಂಡನ್ನು, ಅಂದರೆ ಅಲೆಯುದ್ದ ಸುಮಾರು ಎರಡು ಮೀಟರ್ ಇರುವ ಆವೃತ್ತಿಗಳ ಪಟ್ಟಿಯನ್ನು. ಈ ಅಲೆಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ಅಡ್ಡ ಬಂದ ಗುಡ್ಡವನ್ನು ಬಳಸಿಕೊಂಡು ಹೋಗುವ ಶಕ್ತಿ ಅವಕ್ಕೆ ತೀರಾ ಕಡಿಮೆ. ಆದ್ದರಿಂದ ಎತ್ತರದ ಜಾಗ ಹುಡುಕುವುದು ಬಯಲುಸೀಮೆಯ ಹ್ಯಾಮ್‌ಗಳಿಗೆ ಒಳ್ಳೆಯ ಉಪಾಯ. ಮಲೆನಾಡಿನಲ್ಲಿ ಮಾತ್ರ ಮನೆಗಳಿರುವುದು ಕಣಿವೆಗಳಲ್ಲಿ, ತೋಟದ ಮಗ್ಗುಲಲ್ಲಿ, ಹಳ್ಳದ ಬದಿಯಲ್ಲಿ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಹೋಗಿ, ಅದರ ಹಿಂದೆಯೇ ಮೊಬೈಲ್ ಟವರೂ ನಿಂತುಹೋದಾಗ ಸುದ್ದಿ ಹೊರಡಬೇಕಾಗಿರುವುದು ಆ ಮನೆಗಳಿಂದಲೇ ಹೊರತು ಬೆಟ್ಟದ ನೆತ್ತಿಯಿಂದಲ್ಲ. ಹೀಗಾಗಿ ಕಣಿವೆಯಿಂದ ಕಣಿವೆಗೆ ಮಾತು ದಾಟಿಸುವುದನ್ನೇ ನಾವು ಗುರಿಯಾಗಿಟ್ಟುಕೊಂಡೆವು.

ಅದಕ್ಕೆ ನಾವು ಆರಿಸಿಕೊಂಡದ್ದು 40 ಮೀಟರ್ ಬ್ಯಾಂಡ್, ಅಂದರೆ 7 ಮೆಗಾಹರ್ಟ್ಸ್. ಆಂಟೆನಾವನ್ನು ನೆಲಕ್ಕೆ ತಕ್ಕಮಟ್ಟಿಗೆ ಹತ್ತಿರವಾಗಿಯೇ ಅಡ್ಡಲಾಗಿ ಕಟ್ಟಿದರೆ ಅಲೆಗಳ ಬಹುಪಾಲು ನೆತ್ತಿಯ ಕಡೆಗೆ ಏರುತ್ತದೆ. ನೂರಾರು ಕಿಲೋಮೀಟರ್ ಮೇಲಿರುವ ಅಯಾನುಗೋಳದಿಂದ (ಸೂರ್ಯನ ಕಿರಣಗಳಿಂದ ವಿದ್ಯುದಾವಿಷ್ಟವಾದ ಗಾಳಿಯ ಪದರದಿಂದ) ಮರಳಿ, ಛತ್ರಿ ಬಿಚ್ಚಿದಂತೆ ಸುತ್ತಲಿನ ಪ್ರದೇಶದ ಮೇಲೆ ಇಳಿಯುತ್ತದೆ. ನಡುವೆ ಎಷ್ಟು ಗುಡ್ಡಗಳಿದ್ದರೂ ಅವು ದಾರಿಗೆ ಅಡ್ಡ ಬರುವುದಿಲ್ಲ. ಪುಸ್ತಕದಲ್ಲಿ ಇದನ್ನು ಓದಿದ್ದೆವಾದರೂ, ತಂತಿ ಕಟ್ಟಿ ನೋಡುವವರೆಗೆ ನನಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ.

ನಡುವಿನಿಂದ ಎರಡು ಸಮ ತೋಳುಗಳು ಚಾಚಿರುವ, ಅರೆ ಅಲೆಯುದ್ದದ ಡೈಪೋಲ್ ಆಂಟೆನಾಕ್ಕೆ ಬೇಕಾದ ತಂತಿಯ ಲೆಕ್ಕ ಸರಳವಾಗಿದೆ: 142.5ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರುಗಳಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಅದು ಸುಮಾರು 20 ಮೀಟರ್, ಅಂದರೆ ಒಂದೊಂದು ತೋಳು 10 ಮೀಟರ್. ನಾವು ಮನೆಯ ವೈರಿಂಗಿಗೆ ಬಳಸುವ ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿಯನ್ನು ತಂದು, ಒಂದೊಂದು ತೋಳನ್ನೂ ಕಾಲು ಮೀಟರ್ ಉದ್ದವಾಗಿಯೇ ಕತ್ತರಿಸಿದೆವು. ಮೇಲೇರಿಸಿ ಅಳೆದಾಗ ಅನುರಣನವು (ಆಂಟೆನಾ ಅತಿ ಚೆನ್ನಾಗಿ ಸ್ಪಂದಿಸುವ ಆವೃತ್ತಿ) ಬ್ಯಾಂಡಿನ ಕೆಳಗೆ ಬಿದ್ದಿತ್ತು. ಹೊದಿಕೆ ಇರುವ ತಂತಿ ಲೆಕ್ಕಕ್ಕಿಂತ ಸ್ವಲ್ಪ ಉದ್ದವಿದ್ದಂತೆ ವರ್ತಿಸುತ್ತದೆ. ಕೊನೆಗೆ ತೋಳುಗಳನ್ನು 9.8 ಮೀಟರಿನ ಆಸುಪಾಸಿಗೆ ತಂದಾಗಲೇ, ಆಂಟೆನಾದಿಂದ ಎಷ್ಟು ಶಕ್ತಿ ಹಿಂದಿರುಗುತ್ತಿದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ಇಳಿಯಿತು. ಹೊಸಬರಿಗೆ ನಾನು ಹೇಳುವುದಿಷ್ಟೇ: ತುದಿಯನ್ನು ಕತ್ತರಿಸುವ ಬದಲು ಹಿಂದಕ್ಕೆ ಮಡಚಿ ಸುತ್ತಿರಿ, ಜಾಗ ಬದಲಾದಾಗ ಆ ಉಳಿಕೆ ಮತ್ತೆ ಬೇಕಾಗುತ್ತದೆ.

ತಂತಿಯನ್ನು ಮೇಲೇರಿಸುವ ವಿಷಯದಲ್ಲಿ ನಮಗೆ ದಾರಿ ತೋರಿಸಿದವರು ತೋಟದಲ್ಲಿ ಅಡಿಕೆ ಕೊನೆ ಇಳಿಸುವ ಕೆಲಸಕ್ಕಿದ್ದ ಕೊನೆಗೌಡರು. ನಾವು ನೈಲಾನ್ ದಾರಕ್ಕೆ ಕಲ್ಲು ಕಟ್ಟಿ ಅಡಿಕೆ ಮರಗಳ ನಡುವೆ ಎಸೆಯುತ್ತ ಅರ್ಧ ಗಂಟೆ ಕಳೆದಿದ್ದನ್ನು ನೋಡಿ ಅವರು, "ಕಲ್ಲು ಎಸೆಯೋದು ಯಾಕೆ ಮಾರಾಯ್ರೆ, ದೋಟಿ ಇಲ್ವಾ?" ಎಂದರು. ನೆಲದಲ್ಲೇ ನಿಂತು ಅಡಿಕೆ ಕೊನೆ ಕೊಯ್ಯಲು ಈಗ ಬಳಸುವ ಕಾರ್ಬನ್ ಫೈಬರಿನ ದೋಟಿ ಹಗುರ, ಗಟ್ಟಿ, ಬೇಕಾದಷ್ಟೇ ಎತ್ತರಕ್ಕೆ ಎಳೆದು ನಿಲ್ಲಿಸಬಹುದು. ನಮಗೆ ಬೇಕಾಗಿದ್ದು ನಡುಭಾಗದಲ್ಲಿ ಆರು ಮೀಟರ್, ತುದಿಗಳಲ್ಲಿ ಮೂರು ಮೀಟರ್ ಎತ್ತರ ಮಾತ್ರ. ಹತ್ತು ನಿಮಿಷದಲ್ಲಿ ಆಂಟೆನಾ ನಿಂತಿತು. ಆ ದಿನದಿಂದ ದೋಟಿ ನಮ್ಮ ಸಂಘದ ಸಾಮಾನಿನ ಪಟ್ಟಿಯಲ್ಲಿ ಮೊದಲನೆಯ ಸಾಲಿನಲ್ಲಿದೆ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಬರೆಯಲೇಬೇಕು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಆದ್ದರಿಂದ ಆಂಟೆನಾ ತಂತಿಯನ್ನು ದೋಟಿಯ ಉದ್ದಕ್ಕೂ ಸುತ್ತಿ ಲಂಬವಾಗಿ ನಿಲ್ಲಿಸುವುದು ಪ್ರಯೋಜನಕ್ಕೆ ಬಾರದು, ಟ್ಯೂನಿಂಗೇ ಕೆಡುತ್ತದೆ; ಡೈಪೋಲಿನ ನಡುವಿನ ಗಂಟನ್ನು ಎರಡು ಅಡಿ ನೈಲಾನ್ ದಾರದಿಂದ ದೋಟಿಯ ತುದಿಗೆ ತೂಗುಹಾಕಿದರೆ ತೊಂದರೆಯಿಲ್ಲ. ಎರಡನೆಯದು ಪ್ರಾಣದ ಪ್ರಶ್ನೆ. ವಿದ್ಯುತ್ ತಂತಿ ಹಾದುಹೋಗುವ ತೋಟದಲ್ಲಿ ದೋಟಿ ಎತ್ತುವುದಕ್ಕೆ ಮೊದಲು, ಅದು ಯಾವ ಕಡೆಗೆ ಮಗುಚಿ ಬಿದ್ದರೂ ತಂತಿಗೆ ತಾಗದಷ್ಟು ದೂರವಿದೆಯೇ ಎಂದು ಹೆಜ್ಜೆ ಹಾಕಿ ಅಳೆಯುವುದು ನಮ್ಮಲ್ಲಿ ಕಡ್ಡಾಯ. ಒಬ್ಬರು ಎತ್ತುವಾಗ ಇನ್ನೊಬ್ಬರ ಕಣ್ಣು ಮೇಲೆಯೇ ಇರಬೇಕು.

ಜನವರಿಯ ಒಂದು ಭಾನುವಾರ ಮೂರು ಕಣಿವೆಗಳಲ್ಲಿ ಮೂರು ತಂಡಗಳು ಕುಳಿತೆವು. ನಾಲ್ಕನೆಯ ಕೇಂದ್ರ ಶಿವಮೊಗ್ಗದಲ್ಲಿತ್ತು. ಪ್ರತಿ ಕೇಂದ್ರದಲ್ಲೂ ಪರವಾನಗಿ ಪಡೆದ ಹ್ಯಾಮ್ ಒಬ್ಬರು ಇದ್ದರು, 40 ಆಂಪಿಯರ್-ಅವರ್‌ನ ಒಂದು ಬ್ಯಾಟರಿಯಿತ್ತು. ಸೆಟ್ಟಿನ ಶಕ್ತಿಯನ್ನು 20 ವ್ಯಾಟ್‌ಗೆ ಇಳಿಸಿದ್ದೆವು. ಬೆಳಿಗ್ಗೆ ಒಂಬತ್ತೂವರೆಗೆ ನಾನು ಕರೆದಾಗ ಶಿವಮೊಗ್ಗದಿಂದ ಬಂದ ಉತ್ತರ, ಪಕ್ಕದ ಕೋಣೆಯಿಂದ ಮಾತನಾಡಿದಷ್ಟು ಸ್ಪಷ್ಟವಾಗಿತ್ತು. ಅದರ ಬೆನ್ನಿಗೇ ಗುಡ್ಡದಾಚೆಯ ಗೆಳೆಯರ ದನಿ ಬಂತು. ಎರಡು ಕಿಲೋಮೀಟರ್ ದೂರದ ಆ ದನಿ ಆಕಾಶಕ್ಕೆ ಹೋಗಿ ನೂರಾರು ಕಿಲೋಮೀಟರ್ ಸುತ್ತಿ ನನ್ನ ಬಳಿಗೆ ಬಂದಿತ್ತು. ಆ ಕ್ಷಣದ ಸಂತೋಷ ನನ್ನ ಲಾಗ್ ಪುಸ್ತಕದ ಅಕ್ಷರಗಳಲ್ಲಿ ಈಗಲೂ ಕಾಣುತ್ತದೆ; ಆ ಸಾಲು ಮಾತ್ರ ಓರೆಕೋರೆಯಾಗಿದೆ.

ಸಂಜೆಯಾಗುತ್ತ ಚಿತ್ರ ಬದಲಾಯಿತು. ಸೂರ್ಯ ಮುಳುಗಿದ ಮೇಲೆ ಅಯಾನುಗೋಳ ತೆಳುವಾಗುತ್ತ ಹೋಗಿ, ನೇರ ಮೇಲಕ್ಕೆ ಹೋದ 7 ಮೆಗಾಹರ್ಟ್ಸ್ ಅಲೆಯನ್ನು ಹಿಂದಿರುಗಿಸಲಾರದ ಸ್ಥಿತಿಗೆ ಬರುತ್ತದೆ. ರಾತ್ರಿ ಹೊತ್ತೇರಿದಂತೆ ನಮ್ಮ ನಾಲ್ಕೂ ಕೇಂದ್ರಗಳು ಒಂದಕ್ಕೊಂದು ಕಾಣೆಯಾದವು. ಉತ್ತರ ಭಾರತದ ಹ್ಯಾಮ್‌ಗಳು ಮಾತ್ರ ಜೋರಾಗಿ ಕೇಳಿಸುತ್ತಿದ್ದರು.

ನಮ್ಮ ಇನ್ನೊಂದು ಹೊರಾಂಗಣ ಚಟುವಟಿಕೆ ನರಿಬೇಟೆ. ಎಲ್ಲೋ ಅಡಗಿಸಿಟ್ಟ ಸಣ್ಣ ಟ್ರಾನ್ಸ್‌ಮಿಟರೇ ಇಲ್ಲಿ ನರಿ. ದಿಕ್ಕು ಹಿಡಿಯುವ ಆಂಟೆನಾದಿಂದ ಅದನ್ನು ಪತ್ತೆ ಹಚ್ಚಬೇಕು. ಪಿವಿಸಿ ಪೈಪಿಗೆ ಉಕ್ಕಿನ ಅಳತೆ ಟೇಪಿನ ಮೂರು ತುಂಡುಗಳನ್ನು ಕಟ್ಟಿ ಮಾಡಿದ ಯಾಗಿ ಆಂಟೆನಾ ಇದಕ್ಕೆ ಹೇಳಿಮಾಡಿಸಿದಂತಿದೆ, ಏಕೆಂದರೆ ಪೊದೆಗಳ ನಡುವೆ ನುಗ್ಗುವಾಗ ಟೇಪು ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಮಲೆನಾಡಿನಲ್ಲಿ ಈ ಆಟ ಕಷ್ಟ. ಬಂಡೆಯ ಗೋಡೆಗೆ ಬಡಿದು ತಿರುಗಿದ ಅಲೆಯನ್ನೇ ನಿಜವೆಂದು ನಂಬಿ ನಮ್ಮ ಒಂದು ತಂಡ ಇಡೀ ಒಂದು ಗಂಟೆ ಹಳ್ಳದ ಎದುರು ದಂಡೆಯಲ್ಲಿ ಹುಡುಕಿತು. ಒಂದೇ ಕಡೆ ನಿಂತು ನೋಡಿದ ದಿಕ್ಕನ್ನು ನಂಬದೆ, ಐವತ್ತು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ನೋಡುವ ಅಭ್ಯಾಸ ಅಂದಿನಿಂದ ಬಂತು. ನರಿಯ ತೀರಾ ಹತ್ತಿರ ಬಂದಾಗ ಎಲ್ಲ ದಿಕ್ಕಿನಲ್ಲೂ ಮೀಟರ್ ತುಂಬಿ ನಿಲ್ಲುತ್ತದೆ. ಆಗ ಸೆಟ್ಟನ್ನು ಮೂರು ಪಟ್ಟು ಆವೃತ್ತಿಗೆ, ಅಂದರೆ 145.2ರ ನರಿಗೆ 435.6 ಮೆಗಾಹರ್ಟ್ಸ್‌ಗೆ, ತಿರುಗಿಸಿದರೆ ಅದರ ಕ್ಷೀಣ ಹಾರ್ಮೋನಿಕ್ (ಮೂಲ ಆವೃತ್ತಿಯ ಗುಣಕದಲ್ಲಿ ಹೊಮ್ಮುವ ಉಪ ಅಲೆ) ಮಾತ್ರ ಕೇಳಿಸಿ ದಿಕ್ಕು ಮತ್ತೆ ಸಿಗುತ್ತದೆ. ಹನ್ನೆರಡು ವರ್ಷ ತುಂಬಿದವರು ಹ್ಯಾಮ್ ಪರೀಕ್ಷೆ ಬರೆಯಬಹುದು. ನಮ್ಮಲ್ಲಿ ಪರೀಕ್ಷೆಗೆ ಓದುತ್ತಿರುವ ಇಬ್ಬರು ಮಕ್ಕಳನ್ನು ಪುಸ್ತಕದ ಕಡೆಗೆ ಎಳೆದದ್ದು ಈ ಬೇಟೆಯೇ.

ಭಾನುವಾರದ ಆ ಪ್ರಯೋಗದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ತಂತ್ರಜ್ಞಾನವಲ್ಲ, ಊರ ಹೆಸರುಗಳು. ಗದ್ದಲದ ನಡುವೆ 'ಪ' 'ಬ' ಆಗುತ್ತದೆ, 'ತ' 'ದ' ಆಗುತ್ತದೆ. ಆಲ್ಫಾ, ಬ್ರಾವೊ ಎಂಬ ಅಂತರರಾಷ್ಟ್ರೀಯ ಕ್ರಮದಲ್ಲಿ ಕರೆ ಸಂಕೇತ (ಪ್ರತಿ ಹ್ಯಾಮ್ ಕೇಂದ್ರದ ಗುರುತಿನ ಅಕ್ಷರ, ಅಂಕಿಗಳು) ಹೇಳುವುದು ಸುಲಭ; ಮೇಗರವಳ್ಳಿಯನ್ನು ಇಂಗ್ಲಿಷಿನಲ್ಲಿ ಅಕ್ಷರ ಬಿಡಿಸಿ ಹೇಳಲು ಹೊರಟರೆ ಒಬ್ಬೊಬ್ಬರೂ ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಆದ್ದರಿಂದ ನಾವು ಕನ್ನಡದಲ್ಲೇ ಒಂದು ಪಟ್ಟಿ ಮಾಡಿಕೊಂಡೆವು: ಕಮಲದ ಕ, ಗಡಿಗೆಯ ಗ, ಪಲ್ಲಕ್ಕಿಯ ಪ, ಬಳಪದ ಬ. ಸಂದೇಶ ಪಡೆದವರು ಅದನ್ನು ಪೂರ್ತಿ ಓದಿ ಹೇಳಿದ ಮೇಲೆಯೇ ಕಳುಹಿಸಿದವರು 'ಸರಿ' ಎನ್ನಬೇಕು. ಹೀಗೆ ಕಳುಹಿಸಿದ ಮುಂದಿನ ಇಪ್ಪತ್ತು ಅಭ್ಯಾಸ ಸಂದೇಶಗಳಲ್ಲಿ ಒಂದು ಊರ ಹೆಸರೂ ತಪ್ಪಲಿಲ್ಲ.

ಈಗ ಉಳಿದಿರುವುದು ರಾತ್ರಿಯ ಸಮಸ್ಯೆ. ಕಡಿಮೆ ಆವೃತ್ತಿಯ ಅಲೆಯನ್ನು ತೆಳುವಾದ ಅಯಾನುಗೋಳವೂ ಹಿಂದಿರುಗಿಸಬಲ್ಲದು, ಆದ್ದರಿಂದ ಅದಕ್ಕೆ 80 ಮೀಟರ್ ಬ್ಯಾಂಡೇ ಉತ್ತರವಾಗಬೇಕು, 3.6 ಮೆಗಾಹರ್ಟ್ಸ್‌ಗೆ ತಂತಿ ಸುಮಾರು 40 ಮೀಟರ್ ಬೇಕು, ದೋಟಿಗಳು ಮೂರು. ಒಂದು ತೋಟದಲ್ಲಿ ಅಷ್ಟು ಉದ್ದದ ನೇರ ಜಾಗ ಸಿಗದ ಕಾರಣ ಬೇಲಿಯಾಚೆಯ ತೋಟದವರನ್ನೂ ಕೇಳಿದ್ದೇವೆ, ಅವರು ಒಪ್ಪಿದ್ದಾರೆ. ಕೊನೆಕೊಯ್ಲು ಮುಗಿದು ದೋಟಿಗಳು ಬಿಡುವಾದ ಮೇಲೆ, ಸಿಡಿಲಿನ ಮಳೆ ಶುರುವಾಗುವ ಮೊದಲು, ಒಂದು ಪೂರ್ತಿ ರಾತ್ರಿ ಕುಳಿತು ಗಂಟೆಗೊಮ್ಮೆ ನಾಲ್ಕೂ ಕೇಂದ್ರಗಳ ಸಿಗ್ನಲ್ ವರದಿ ಬರೆದುಕೊಳ್ಳಲಿದ್ದೇವೆ.